ಬದನೆಕಾಯಿ ಮೂಸೆಯ ಗೋಡೆ: ಜಾವರ್ ಗಣಿ ಬಗ್ಗೆ ನೀವು ಕೇಳಿದ್ದು

ಕಳೆದ ಸಂಚಿಕೆಯಲ್ಲಿ ಉದಯಪುರಕ್ಕೆ ಹೋಗಿ ಬಂದಿದ್ದನ್ನು ಬರೆದಿದ್ದೆ. ಕೊನೆಗೆ ಒಂದೇ ಒಂದು ಸಾಲು ಸೇರಿಸಿದ್ದೆ: ಅಲ್ಲಿಂದ ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ ಜಾವರ್ ಅಂತ ಒಂದು ಊರಿದೆ, ಹಳೇ ಸೀಸ-ಸತುವಿನ ಗಣಿ, ಅಲ್ಲಿ ಮಣ್ಣಿನ ಕೊಳವೆ ಪೇರಿಸಿ ಮನೆ ಗೋಡೆ ಕಟ್ಟಿದ್ದಾರೆ ಅಂತ. ಕೆರೆ, ಅರಮನೆ ಬಗ್ಗೆ ಎರಡು ಪುಟ ಬರೆದೆ, ಒಬ್ಬರೂ ಏನೂ ಕೇಳಲಿಲ್ಲ. ಪ್ರಶ್ನೆ ಬಂದಿದ್ದೆಲ್ಲ ಆ ಒಂದು ಸಾಲಿನ ಮೇಲೆ. ಸರಿ, ಈ ಸಲದ ಅಂಕಣ ಪೂರ್ತಿ ಜಾವರ್‌ಗೇ ಇರಲಿ.

ಪ್ರಶ್ನೆ: ಸರ್, ಕೊಳವೆ ಅಂದ್ರೆ ಎಂಥದ್ದು? ಹೆಂಚಿನ ಥರಾನಾ? ಗುಡ್ಡದ ಊರು ಅಂತೀರಿ, ಗೋಡೆಗೆ ಕಲ್ಲು ಸಿಗಲಿಲ್ವಾ ಅವರಿಗೆ? (ಮನೆ ಕಟ್ಟಿಸುತ್ತಿರುವ ಓದುಗರು)

ಉತ್ತರ: ಕಲ್ಲಿಗೇನು ಬರ, ಅದು ಅರಾವಳಿ ಬೆಟ್ಟ. ಕೊಳವೆ ಅಂತ ಬರೆದಿದ್ದು ನನ್ನ ತಪ್ಪು. ಮೂಸೆ ಅನ್ನಬೇಕಿತ್ತು. ಅಕ್ಕಸಾಲಿಗರು ಚಿನ್ನ ಕರಗಿಸುವ ಮೂಸೆ ನೋಡಿದ್ದೀರಲ್ಲ, ಅದೇ ಜಾತಿ, ಆಕಾರ ಮಾತ್ರ ಬೇರೆ. ಉದ್ದ ಬದನೆಕಾಯಿಯನ್ನು ನೆನಪಿಸಿಕೊಳ್ಳಿ. ಒಂದು ಗೇಣು, ಗೇಣೂವರೆ ಉದ್ದ, ಒಂದು ಕಡೆ ಮುಚ್ಚಿದ ದುಂಡು ತಲೆ, ಇನ್ನೊಂದು ಕಡೆ ತೊಟ್ಟಿನ ಹಾಗೆ ಸಣ್ಣ ಕತ್ತು. ಹಳೇ ರಸಶಾಸ್ತ್ರದ ಸಂಸ್ಕೃತ ಪುಸ್ತಕಗಳಲ್ಲೂ ಇದಕ್ಕೆ ವೃಂತಾಕ ಮೂಷಾ ಅಂತಲೇ ಹೆಸರು. ವೃಂತಾಕ ಅಂದರೆ ಬದನೆಕಾಯಿ. ಮೂಷಾ ನಮ್ಮ ಬಾಯಲ್ಲಿ ಮೂಸೆ ಆಗಿದೆ.

ಅದರಲ್ಲಿ ಸತು ತೆಗೆಯುತ್ತಿದ್ದರು. ಒಂದು ಮೂಸೆ ಒಂದೇ ಸಲಕ್ಕೆ. ಬೆಂಕಿಯಲ್ಲಿ ಬೆಂದು ಬಂದ ಮೇಲೆ ಅದರ ಮೈ ಗಾಜು ಕರಗಿದ ಹಾಗೆ ಆಗಿರುತ್ತೆ, ಒಳಗೆ ಬೂದಿ ಗಟ್ಟಿಯಾಗಿ ಕಚ್ಚಿಕೊಂಡಿರುತ್ತೆ, ಮತ್ತೆ ಉಪಯೋಗಕ್ಕೆ ಬರಲ್ಲ. ಎಸೆಯುವುದೇ. ಹಾಗೆ ನೂರಾರು ವರ್ಷ ಎಸೆದಿದ್ದು ಲಕ್ಷಗಟ್ಟಲೆ ಟನ್ ಆಗಿ ಊರ ಸುತ್ತ ದಿಬ್ಬಗಳಾಗಿ ಬಿದ್ದಿದೆ. ಮೊದಲ ಸಲ ನೋಡಿದಾಗ ಅದು ಗುಡ್ಡದ್ದೇ ಮಣ್ಣು ಅಂದುಕೊಂಡು ಮೇಲೆ ಹತ್ತಿದೆ. ಕಾಲಡಿ ಟಣ್ ಟಣ್ ಅಂತು. ಬಗ್ಗಿ ನೋಡಿದರೆ ಪೂರ್ತಿ ಮೂಸೆ ಚೂರು.

ಇಷ್ಟೊಂದು ಸುಟ್ಟ ಮಣ್ಣು, ಎಲ್ಲ ಒಂದೇ ಅಳತೆ, ಒಂದು ಪೈಸೆ ಕೊಡಬೇಕಿಲ್ಲ. ಇಟ್ಟಿಗೆ ಬದಲು ಅದನ್ನೇ ಅಡ್ಡಡ್ಡ ಮಲಗಿಸಿ, ನಡುವೆ ಕೆಸರು ಮೆತ್ತಿ ಗೋಡೆ ಏರಿಸಿದ್ದಾರೆ. ಮನೆ ಕಟ್ಟಿಸ್ತಿದ್ದೀರಿ ಅಂತೀರಿ, ನಿಮಗೆ ನಾನು ಬಿಡಿಸಿ ಹೇಳಬೇಕಾ.

ಪ್ರಶ್ನೆ: ಕಬ್ಬಿಣ, ತಾಮ್ರ ಎಲ್ಲ ಸಾವಿರಾರು ವರ್ಷ ಹಿಂದೆಯೇ ಸಿಕ್ಕಿತ್ತು. ಸತು ಮಾತ್ರ ಯಾಕೆ ಅಷ್ಟು ತಡ? ನಮ್ಮ ಟೆಕ್ಸ್ಟ್ ಬುಕ್ಕಿನಲ್ಲಿ ಒಂದು ಸಮೀಕರಣ ಕೊಟ್ಟು ಮುಗಿಸಿದ್ದಾರೆ. (ಪಿಯುಸಿ ವಿದ್ಯಾರ್ಥಿನಿ)

ಉತ್ತರ: ಸಮೀಕರಣದಲ್ಲಿ ಅಡಗಿರುವ ತರಲೆಯೇ ಅದು ಕಣಮ್ಮ. ಸತುವಿನ ಆಕ್ಸೈಡಿಗೆ ಇದ್ದಿಲು ಸೇರಿಸಿ ಕಾಯಿಸಿದರೆ ಸತು ಬರುತ್ತೆ, ಕಾಗದದ ಮೇಲೆ ಬಲು ಸುಲಭ. ಆದರೆ ಆ ಕೆಲಸ ಚೆನ್ನಾಗಿ ನಡೆಯಬೇಕಾದರೆ ಶಾಖ 1000 ಡಿಗ್ರಿ ದಾಟಬೇಕು. ಸತು ಕುದಿಯುವುದು 907 ಡಿಗ್ರಿಗೆ. ಅಂದರೆ ಸತು ಹುಟ್ಟುವಾಗಲೇ ಆವಿ! ತಾಮ್ರ, ಸೀಸ ಆದರೆ ಕರಗಿ ಕುಲುಮೆಯ ತಳಕ್ಕೆ ಇಳಿಯುತ್ತೆ, ಕಬ್ಬಿಣ ಮುದ್ದೆಯಾಗಿ ಕೂರುತ್ತೆ. ಇದು ಮಾತ್ರ ಹೊಗೆ ಜೊತೆ ಮೇಲಕ್ಕೆ ಹೋಗಿ, ಗಾಳಿ ತಾಗಿದ ಕೂಡಲೇ ಉರಿದು, ಬಿಳೀ ಪುಡಿಯಾಗಿ ಮತ್ತೆ ಆಕ್ಸೈಡೇ ಆಗಿಬಿಡುತ್ತೆ. ಎಷ್ಟು ಬೆಂಕಿ ಹಾಕಿದರೂ ಕೊನೆಗೆ ಕೈಗೆ ಬರುವುದು ಚಿಟಿಕೆ ಬಿಳಿ ಪುಡಿ.

ಹಿತ್ತಾಳೆ ಮಾಡುವವರು ಇದಕ್ಕೆ ಒಂದು ಅಡ್ಡದಾರಿ ಹಿಡಿದಿದ್ದರು. ತಾಮ್ರದ ಚೂರು, ಸತುವಿನ ಅದಿರು, ಇದ್ದಿಲು ಮೂರನ್ನೂ ಒಂದೇ ಮೂಸೆಯಲ್ಲಿ ಮುಚ್ಚಿ ಕಾಯಿಸಿದರೆ, ಆವಿ ತಾಮ್ರದೊಳಕ್ಕೇ ಇಳಿದು ಹಿತ್ತಾಳೆ ಆಗುತ್ತೆ. ಸತುವಿನ ಮುಖ ನೋಡದೇ ಅದನ್ನು ಬಳಸಿಕೊಂಡ ಹಾಗೆ. ಆದರೆ ಹಾಗೆ ಮಾಡಿದ ಹಿತ್ತಾಳೆಯಲ್ಲಿ ಸತು ಸುಮಾರು ಶೇ. 28ಕ್ಕಿಂತ ಮೇಲೆ ಹೋಗುವುದು ಕಷ್ಟ.

ಈಗ ಜಾವರ್‌ನವರು ಮಾಡಿದ್ದು ನೋಡು. ಆವಿ ಮೇಲಕ್ಕೆ ಹೋಗುತ್ತೆ ಅಂತ ತಾನೇ ತೊಂದರೆ? ಮೂಸೆಯನ್ನೇ ತಲೆಕೆಳಗೆ ಮಾಡಿದರು. ಮುಚ್ಚಿದ ತಲೆ ಮೇಲೆ, ಬಾಯಿ ಕೆಳಗೆ. ಬೆಂಕಿ ಮೇಲಿನ ಅಂತಸ್ತಿನಲ್ಲಿ, ತಂಪು ಕೆಳಗಿನ ಅಂತಸ್ತಿನಲ್ಲಿ. ನಡುವೆ ತೂತು ಕೊರೆದ ಮಣ್ಣಿನ ಹಲಗೆ, ಪ್ರತಿ ತೂತಿನಲ್ಲಿ ಒಂದು ಮೂಸೆಯ ಕತ್ತು. ಒಳಗಿನ ಆವಿಗೆ ಹೊರಗೆ ಹೋಗೋಕೆ ಬೇರೆ ದಾರಿಯೇ ಇಲ್ಲ, ಕೆಳಗೇ ಇಳಿಯಬೇಕು. ಇಳಿದರೆ ತಂಪು ತಾಗಿ ಹನಿಯಾಗುತ್ತೆ, ಕೆಳಗಿಟ್ಟ ಪಾತ್ರೆಗೆ ತೊಟ್ಟಿಕ್ಕುತ್ತೆ. ಇದ್ದಿಲಿನಿಂದ ಬರುವ ಅನಿಲ ಒಳಗೆ ತುಂಬಿರುವುದರಿಂದ ಹೊರಗಿನ ಗಾಳಿ ನುಗ್ಗುವುದೂ ಇಲ್ಲ.

ಇಲ್ಲಿ ಒಂದು ಪ್ರಶ್ನೆ ನೀನು ಕೇಳಲೇಬೇಕು: ಬಾಯಿ ಕೆಳಗೆ ಮಾಡಿದರೆ ಒಳಗಿನ ಅದಿರು ಸುರಿದು ಹೋಗಲ್ವಾ? ನಾನೂ ಕೇಳಿದ್ದೆ. ಹುರಿದ ಅದಿರಿನ ಪುಡಿಗೆ ಇದ್ದಿಲು, ಸುಟ್ಟ ಡಾಲಮೈಟ್ ಕಲ್ಲಿನ ಪುಡಿ ಎಲ್ಲ ಸೇರಿಸಿ ಸಣ್ಣ ಸಣ್ಣ ಉಂಡೆ ಕಟ್ಟುತ್ತಿದ್ದರು. ಮೂಸೆಗೆ ಉಂಡೆ ತುಂಬಿದ ಮೇಲೆ ಕತ್ತಿನೊಳಗೆ ಒಂದು ತೆಳು ಕಡ್ಡಿ ಸಿಗಿಸುವುದು. ತಿರುಗಿಸಿದಾಗ ಆ ಕಡ್ಡಿ ಉಂಡೆಗಳನ್ನು ತಡೆದು ಹಿಡಿಯುತ್ತೆ. ಕಾವು ಏರಿದ ಹಾಗೆ ಉಂಡೆಗಳು ಒಂದಕ್ಕೊಂದು ಅಂಟಿಕೊಂಡು ಅಲ್ಲೇ ನಿಲ್ಲುತ್ತವೆ, ಅಷ್ಟು ಹೊತ್ತಿಗೆ ಕಡ್ಡಿ ಸುಟ್ಟು ಹೋಗಿರುತ್ತೆ, ಅದಿದ್ದ ಜಾಗವೇ ಆವಿ ಇಳಿಯುವ ದಾರಿ. ಹಳೇ ಮೂಸೆಯ ಬೂದಿಯಲ್ಲಿ ಆ ಕಡ್ಡಿಯ ತೂತು ಇವತ್ತಿಗೂ ಕಾಣುತ್ತೆ. ನಾನು ಕಿರುಬೆರಳು ಹಾಕಿ ನೋಡಿದೆ. ಬೆರಳ ತುದಿ ಅಷ್ಟೇ ಹೋಯಿತು.

ಒಂದು ಕಡ್ಡಿ, ಎರಡು ಕೆಲಸ. ಇದನ್ನು ಮೊದಲು ಯೋಚಿಸಿದವರ ಹೆಸರು ಎಲ್ಲೂ ಬರೆದಿಟ್ಟಿಲ್ಲ.

1980ರ ದಶಕದಲ್ಲಿ ಬರೋಡಾದ ಎಂ.ಎಸ್. ವಿಶ್ವವಿದ್ಯಾಲಯ, ಬ್ರಿಟಿಷ್ ಮ್ಯೂಸಿಯಂ ಮತ್ತು ಹಿಂದೂಸ್ತಾನ್ ಜಿಂಕ್ ಸೇರಿ ಅಲ್ಲಿ ಅಗೆದಾಗ ಸಾಲಾಗಿ ಏಳು ಕುಲುಮೆ ಸಿಕ್ಕವು. ಒಂದೊಂದರಲ್ಲಿ ಆರು ಸಾಲು, ಸಾಲಿಗೆ ಆರರಂತೆ 36 ಮೂಸೆ. ಏಳಕ್ಕೆ ಲೆಕ್ಕ ಹಾಕು, 252. ಒಂದು ಸಲ ಉರಿ ಹಾಕಿದರೆ ಮೂರರಿಂದ ಐದು ಗಂಟೆ, ಒಂದೊಂದು ಮೂಸೆಯಿಂದ ಕೆಲವು ನೂರು ಗ್ರಾಂ ಸತು. ಇದು ಯಾರೋ ಒಬ್ಬ ವೈದ್ಯರು ಮನೆ ಹಿತ್ತಲಲ್ಲಿ ಮದ್ದಿಗೆ ಅಂತ ಮಾಡಿಕೊಂಡ ಸತು ಅಲ್ಲ. ಕಾರ್ಖಾನೆ.

ರಸರತ್ನಸಮುಚ್ಚಯ ಅನ್ನುವ ರಸಶಾಸ್ತ್ರದ ಪುಸ್ತಕದಲ್ಲಿ ಸತು ತೆಗೆಯುವ ವಿಧಾನ ಇದೆ. ಅದಿರಿಗೆ ಅರಗು, ಬೆಲ್ಲ, ಬಿಳಿ ಸಾಸಿವೆ, ಅಳಲೆಕಾಯಿ, ಬಿಳಿಗಾರ ಎಲ್ಲ ಸೇರಿಸಿ, ಹಾಲು ತುಪ್ಪದಲ್ಲಿ ಬೇಯಿಸಿ ಉಂಡೆ ಮಾಡು ಅಂತಾರೆ. ಓದಿದರೆ ಬಾಣಂತಿ ಲೇಹ್ಯದ ಹಾಗಿದೆ ಅಲ್ವಾ? ನಗಬೇಡ. ಬೆಲ್ಲ, ಅರಗು, ಎಣ್ಣೆ ಬೀಜ ಸುಟ್ಟರೆ ಉಳಿಯುವುದು ಇಂಗಾಲ. ನಿನ್ನ ಸಮೀಕರಣಕ್ಕೆ ಬೇಕಾಗಿದ್ದೂ ಅದೇ.

ಪ್ರಶ್ನೆ: ನಮ್ಮ ವಿದ್ಯೆಯನ್ನು ಇಂಗ್ಲಿಷರು ಕದ್ದುಕೊಂಡು ಹೋದರು ಅಂತ ವಾಟ್ಸಾಪಿನಲ್ಲಿ ಬರುತ್ತಲ್ಲ, ನಿಜಾನಾ? (ನಿವೃತ್ತ ಬ್ಯಾಂಕ್ ನೌಕರರು)

ಉತ್ತರ: ವಾಟ್ಸಾಪನ್ನು ಪಕ್ಕಕ್ಕಿಡಿ ಸ್ವಾಮಿ, ಗೊತ್ತಿರುವುದನ್ನು ಹೇಳುತ್ತೇನೆ. ಬ್ರಿಸ್ಟಲ್‌ನ ವಿಲಿಯಂ ಚಾಂಪಿಯನ್ ಸತು ತೆಗೆಯುವ ವಿಧಾನಕ್ಕೆ 1738ರಲ್ಲಿ ಪೇಟೆಂಟ್ ಪಡೆದ. ಜಾವರ್‌ನಲ್ಲಿ ಅಷ್ಟು ಹೊತ್ತಿಗೆ ನಾಲ್ಕೈದು ಶತಮಾನದಿಂದ ಕುಲುಮೆ ಉರಿಯುತ್ತಿತ್ತು. ಚಾಂಪಿಯನ್‌ನ ಕುಲುಮೆಯಲ್ಲೂ ಆವಿಯನ್ನು ಕೆಳಕ್ಕೇ ಇಳಿಸುತ್ತಿದ್ದರು. ಆಗ ಯುರೋಪಿಗೆ ಪೂರ್ವದ ಕಡೆಯಿಂದ ಹಡಗಿನಲ್ಲಿ ಸತು ಹೋಗುತ್ತಿತ್ತು, ಜಾಸ್ತಿ ಚೀನಾದ್ದು. ಆದರೆ ಚೀನಾದವರ ಮೂಸೆಯಲ್ಲಿ ಆವಿ ಮೇಲೆ ಹೋಗಿ ಅಲ್ಲೇ ಒಂದು ಬಟ್ಟಲಿನಲ್ಲಿ ಕೂಡುತ್ತೆ. ಕೆಳಕ್ಕೆ ಇಳಿಸುವುದು ಜಾವರ್ ಪದ್ಧತಿ. ಅದಕ್ಕೇ ಸಂಶೋಧಕರಿಗೆ ಅನುಮಾನ ಬಂದಿದ್ದು, ಸುಮ್ನೆ ಅಲ್ಲ. ಅನುಮಾನಕ್ಕೆ ಒಳ್ಳೆ ಆಧಾರ ಇದೆ, ಆದರೆ ಇಂಥವನು ನೋಡಿಕೊಂಡು ಹೋಗಿ ಹೇಳಿದ ಅನ್ನುವ ಕಾಗದ ಪತ್ರ ಸಿಕ್ಕಿಲ್ಲ. ಕಳ್ಳ ಅಂತ ಕೂಗೋಕೆ ನನಗೆ ಅಷ್ಟು ಸಾಲದು.

ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಅವನು ಪೇಟೆಂಟ್ ಕಾಗದದಲ್ಲಿ ಹೆಸರು ಬರೆಸಿದ. ನಮ್ಮವರ ಕುಲುಮೆಗಳು 19ನೇ ಶತಮಾನ ಶುರುವಾಗುವ ಹೊತ್ತಿಗೆ ದಾಳಿ, ಬರಗಾಲ ಎಲ್ಲ ಸೇರಿ ಆರಿಹೋದವು. ಆಮೇಲೆ ನೂರೈವತ್ತು ವರ್ಷಕ್ಕೂ ಜಾಸ್ತಿ ಆ ದಿಬ್ಬಗಳು ಏನು ಅಂತಲೇ ಯಾರೂ ಸರಿಯಾಗಿ ಅಗೆದು ನೋಡಲಿಲ್ಲ. 1988ರಲ್ಲಿ ಅಮೆರಿಕದ ಲೋಹ ತಜ್ಞರ ಸಂಸ್ಥೆ ಎಎಸ್ಎಂ ಇಂಟರ್‌ನ್ಯಾಷನಲ್ ಜಾವರ್ ಅನ್ನು ಐತಿಹಾಸಿಕ ತಾಣ ಅಂತ ಗುರುತಿಸಿತು.

ಪ್ರಶ್ನೆ: ಸೀಸ, ಸತು ಯಾಕೆ ಯಾವಾಗಲೂ ಜೋಡಿ? (ಹೆಸರು ಬೇಡ ಎಂದವರು)

ಉತ್ತರ: ನೆಲದಾಳದ ಬಿಸಿ ಉಪ್ಪುನೀರಿನಲ್ಲಿ ಎರಡೂ ಕರಗಿ ಬರುತ್ತವೆ, ಗಂಧಕ ಸಿಕ್ಕ ಕಡೆ ಎರಡೂ ಕೂರುತ್ತವೆ. ಸೀಸದ್ದು ಗೆಲೀನಾ, ಬೆಳ್ಳಿ ಹಾಗೆ ಹೊಳೆಯುತ್ತೆ, ಕೈಗೆ ಭಾರ. ಸತುವಿನದು ಸ್ಫ್ಯಾಲರೈಟ್. ಈ ಹೆಸರು ಬಂದಿದ್ದು ಗ್ರೀಕ್ ಪದದಿಂದ, ಅರ್ಥ ಮೋಸಗಾರ. ಸೀಸದ ಅದಿರು ಅಂತ ಹೊತ್ತು ತಂದು ಕರಗಿಸಿದರೆ ಸೀಸ ಬರುತ್ತಿರಲಿಲ್ಲ, ಬೈದು ಎಸೆಯುತ್ತಿದ್ದರು. ಜಾವರ್‌ನಲ್ಲೂ ಮೊದಲು ಬೇಕಾಗಿದ್ದು ಸೀಸ, ಅದಕ್ಕಿಂತ ಅದರೊಳಗಿನ ಚೂರು ಬೆಳ್ಳಿ. ಸತುವಿನ ಸರದಿ ಬಂದಿದ್ದು ಎಷ್ಟೋ ಕಾಲದ ಮೇಲೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಅಲ್ಲಿನ ಗಣಿ ಕಡೆ ಕೆಲಸ ಆಗಿದೆ. ಎರಡು ವರ್ಷದ ಮಗ ಇದ್ದಾನೆ. ಸೀಸ ವಿಷ ಅಂತಾರೆ. ಹೋಗೋದಾ, ಬೇಡವಾ? (ಗೃಹಿಣಿ)

ಉತ್ತರ: ಹೋಗಬೇಡಿ ಅಂತ ನಾನು ಹೇಳಲ್ಲ ತಂಗಿ. ಸಾವಿರಾರು ಜನ ಸಂಸಾರ ಮಾಡಿಕೊಂಡಿರುವ ಜಾಗ. ಆದರೆ ನಿಮ್ಮ ಪ್ರಶ್ನೆಯನ್ನು ಅತೀ ಭಯ ಅಂತ ತಳ್ಳಿಹಾಕೋದೂ ಇಲ್ಲ. ಯಾವ ದೇಶದ್ದೇ ಆಗಲಿ, ಸೀಸದ ಗಣಿ ಅಂದ ಮೇಲೆ ಕೆಲವು ಜಾಗ್ರತೆ ಬೇಕೇ ಬೇಕು. ಜಾಂಬಿಯಾದ ಕಾಬ್ವೆಯಲ್ಲಿ ಇಂಥದ್ದೇ ಸೀಸ-ಸತುವಿನ ಗಣಿ 1994ರಲ್ಲಿ ಮುಚ್ಚಿತು, ಅಲ್ಲಿ ಮಕ್ಕಳ ರಕ್ತದಲ್ಲಿ ಇವತ್ತಿಗೂ ಸೀಸ ಸಿಗುತ್ತಿದೆ. ಗಣಿ ಬಾಗಿಲು ಹಾಕಿದರೂ ದೂಳು ಅಲ್ಲೇ ಇರುತ್ತೆ ನೋಡಿ.

ಸೀಸ ಮಗುವಿನ ಮೈಗೆ ಸೇರುವುದು ಹೆಚ್ಚಾಗಿ ಬಾಯಿಂದ. ನೆಲದ ಮೇಲೆ ಆಡುತ್ತೆ, ಅದೇ ಕೈ ಬಾಯಿಗೆ. ಬಾಯಿಗೆ ಹೋದ ಸೀಸವನ್ನು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಮಗುವಿನ ಮೈ ಹೀರಿಕೊಳ್ಳುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಇಷ್ಟಾದರೆ ಪರವಾಗಿಲ್ಲ ಅನ್ನುವ ಮಟ್ಟವೇ ಸೀಸಕ್ಕೆ ಇಲ್ಲ. ಅದಕ್ಕೆ ಮೊದಲ ನಿಯಮ ಯಜಮಾನರಿಗೆ: ಕೆಲಸದ ಬೂಟು ಹೊಸ್ತಿಲ ಹೊರಗೆ, ಸ್ನಾನ ಮಾಡಿ ಬಟ್ಟೆ ಬದಲಾಯಿಸಿದ ಮೇಲೆ ಮಗುವನ್ನು ಎತ್ತಿಕೊಳ್ಳೋದು. ಅವರ ಬಟ್ಟೆ ಮಗುವಿನ ಬಟ್ಟೆ ಜೊತೆ ಒಗೆಯಬೇಡಿ. ಮನೆ ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಲ್ಲಿ ಒರೆಸುವುದು ಒಳ್ಳೆಯದು, ಪೊರಕೆ ಆಡಿಸಿದರೆ ದೂಳು ಎದ್ದು ಮತ್ತೆ ಕೂರುತ್ತೆ ಅಷ್ಟೇ. ಊಟಕ್ಕೆ ಮುಂಚೆ ಮಗನ ಕೈ ಸೋಪು ಹಾಕಿ ತೊಳೆಯಿರಿ, ಉಗುರು ಬೆಳೆಯೋಕೆ ಬಿಡಬೇಡಿ. ಹಳೇ ಗಣಿ ತ್ಯಾಜ್ಯದ ದಿಬ್ಬದ ಮೇಲೆ ಮಕ್ಕಳು ಆಡೋದು ಬೇಡ, ಎಷ್ಟೇ ಚೆಂದ ಹೊಳೆಯುವ ಕಲ್ಲು ಸಿಕ್ಕಿದರೂ ಮನೆಗೆ ತರೋದು ಬೇಡ. ಹಿತ್ತಲಲ್ಲಿ ಸೊಪ್ಪು, ಮೂಲಂಗಿ ಬೆಳೆಯೋ ಆಸೆ ಇದ್ದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ.

ಹೋದ ಮೇಲೆ ಮಗುವಿನ ರಕ್ತದ ಸೀಸದ ಪರೀಕ್ಷೆ ಒಮ್ಮೆ ಮಾಡಿಸಿ, ಮಕ್ಕಳ ಡಾಕ್ಟರ ಹತ್ತಿರ ಹೀಗೆ ಗಣಿ ಊರಲ್ಲಿದ್ದೇವೆ ಅಂತ ಬಾಯಿ ಬಿಟ್ಟು ಹೇಳಿ. ನೋಡೋಕೆ ಮಗು ಚೆನ್ನಾಗಿದೆ ಅಂತ ಬಿಡಬೇಡಿ, ಸೀಸ ಹೊರಗೆ ಕಾಣದೇ ಕೆಲಸ ಮಾಡುತ್ತೆ. ಕಬ್ಬಿಣಾಂಶ, ಕ್ಯಾಲ್ಸಿಯಂ ಕಡಿಮೆ ಇರುವ ಮೈ ಸೀಸವನ್ನು ಇನ್ನೂ ಜಾಸ್ತಿ ಹೀರುತ್ತೆ, ಹಾಗಾಗಿ ರಾಗಿ ಅಂಬಲಿ, ಸೊಪ್ಪು, ಹಾಲು ತಪ್ಪಿಸಬೇಡಿ.

ಇನ್ನೊಂದು ಮಾತು, ಇದು ಗಣಿ ಊರಿಗೆ ಮಾತ್ರ ಅಲ್ಲ. ಕಣ್ಣಿಗೆ ಹಚ್ಚುವ ಸುರ್ಮಾದಲ್ಲಿ ಎಷ್ಟೋ ಕಡೆ ಇದೇ ಗೆಲೀನಾ ಪುಡಿ ಇರುತ್ತೆ. ಮಗುವಿಗೆ ದೃಷ್ಟಿ ಆಗದಿರಲಿ ಅಂತ ಅಲ್ಲಿ ಯಾರಾದರೂ ಪ್ರೀತಿಯಿಂದ ತಂದುಕೊಟ್ಟರೆ ನಗುನಗುತ್ತಾ ತೆಗೆದುಕೊಂಡು ಮೇಲಿನ ಕಪಾಟಿನಲ್ಲಿ ಇಟ್ಟುಬಿಡಿ.

ಪ್ರಶ್ನೆ: ಸತುವಿನಿಂದ ನಮಗೇನು ಉಪಯೋಗ? (8ನೇ ತರಗತಿ ವಿದ್ಯಾರ್ಥಿ)

ಉತ್ತರ: ತಲೆ ಎತ್ತಿ ನೋಡು, ದನದ ಕೊಟ್ಟಿಗೆಗೆ ಜಿಂಕ್ ಶೀಟ್ ಹೊದಿಸಿದ್ದಾರಾ? ಅದು ಕಬ್ಬಿಣವೇ, ತುಕ್ಕು ಹಿಡಿಯಬಾರದು ಅಂತ ಮೈಗೆ ಸತು ಬಳಿದಿರುತ್ತಾರೆ. ಗೋಡೆ ಗಡಿಯಾರದ ಸೆಲ್ಲಿನಲ್ಲಿದೆ, ದೇವರ ಮನೆಯ ಹಿತ್ತಾಳೆ ಗಂಟೆಯಲ್ಲಿದೆ. ಬೀದರಿನ ಕಪ್ಪು ಹೂಜಿ ನೋಡಿದ್ದೀಯಾ, ಬೆಳ್ಳಿ ಕುಸುರಿಯದು? ಅದರ ಮೈ ಬಹುಪಾಲು ಸತುವೇ. ಸ್ವಲ್ಪ ನಿನ್ನ ಮೈಯಲ್ಲೂ ಇದೆ, ಬೇಕು ಕೂಡ.

ಪ್ರಶ್ನೆ: ನೋಡೋಕೆ ಹೋಗಬಹುದಾ? ಗಣಿಯೊಳಗೆ ಬಿಡ್ತಾರಾ? (ಬೈಕಿನಲ್ಲಿ ದೇಶ ಸುತ್ತುವ ಗೆಳೆಯರು)

ಉತ್ತರ: ಉದಯಪುರದಿಂದ ಅಹಮದಾಬಾದ್ ಕಡೆಗೆ ಹೋಗುವ ಹೆದ್ದಾರಿ ಹಿಡಿಯಿರಿ, ತೀಡಿ ಹತ್ತಿರ ತಿರುಗಿಕೊಳ್ಳಬೇಕು. ರೈಲೂ ಇದೆ, ಹಿಮ್ಮತ್‌ನಗರ ಮಾರ್ಗದಲ್ಲಿ ಜಾವರ್ ಅಂತಲೇ ಸ್ಟೇಷನ್. ಮಳೆಗಾಲ ಮುಗಿಯುತ್ತಿದ್ದಂತೆ ಹೋದರೆ ಬೆಟ್ಟ ಹಸಿರಾಗಿರುತ್ತೆ, ಇಳಿಜಾರಿನ ಸಣ್ಣ ಸಣ್ಣ ಹೊಲದಲ್ಲಿ ಮೆಕ್ಕೆಜೋಳ ನಿಂತಿರುತ್ತೆ, ಇಪ್ಪೆ ಮರಗಳ ಕೆಳಗೆ ಆಡುಗಳು. ಭಿಲ್ ಮತ್ತು ಮೀಣಾ ಜನರ ಸೀಮೆ ಅದು.

ಇವತ್ತಿಗೂ ಅಲ್ಲಿ ನೆಲದಡಿ ಗಣಿ ನಡೆಯುತ್ತಿದೆ: ಮೋಚಿಯಾ, ಬಲಾರಿಯಾ, ಜಾವರ್ ಮಾಲಾ, ಬರೋಯಿ. ಹಿಂದೂಸ್ತಾನ್ ಜಿಂಕ್ 1966ರಲ್ಲಿ ಸರ್ಕಾರಿ ಕಂಪನಿಯಾಗಿ ಶುರುವಾಗಿದ್ದು, 2002ರಲ್ಲಿ ಖಾಸಗಿಯವರ ಕೈಗೆ ಹೋಯಿತು. ಅದರೊಳಗೆ ಅಪ್ಪಣೆ ಇಲ್ಲದೇ ಬಿಡಲ್ಲ, ಬಿಡಬಾರದು. ಹಳೇ ಗಣಿಗಳಿಗೆ ಅಪ್ಪಣೆ ಕೇಳುವವರು ಇಲ್ಲದೇ ಇರಬಹುದು, ಆದರೂ ಒಳಗೆ ಹೋಗಬೇಡಿ. ಬಾಯಲ್ಲಿ ನಿಂತು ನೋಡಿದರೇ ಸಾಕು. ಬಂಡೆ ಗೋಡೆ ಉಳಿ ಹಾಕಿ ಒಡೆದ ಹಾಗೆ ಮೊನಚಾಗಿಲ್ಲ, ದೊಡ್ಡ ಹಂಡೆಯ ಒಳಮೈ ಹಾಗೆ ದುಂಡಗಿದೆ. ಯಾಕೆಂದರೆ ಬಂಡೆಗೆ ಸೌದೆ ಒಟ್ಟಿ ಬೆಂಕಿ ಕೊಡುತ್ತಿದ್ದರು, ಕಾದು ಬಿರುಕು ಬಿಟ್ಟಿದ್ದನ್ನು ಕೆತ್ತಿ ತೆಗೆಯುತ್ತಿದ್ದರು. ಈ ಸೀಮೆಯ ಗಣಿಗಳೊಳಗೆ ಸಿಕ್ಕಿದ ಮರದ ತುಂಡುಗಳು ಎರಡು ಸಾವಿರ ವರ್ಷಕ್ಕೂ ಹಳೆಯವು. ಒಳಗೆ ಬಾವಲಿ, ಕತ್ತಲಲ್ಲಿ ಎಲ್ಲಿ ಪಾತಾಳ ಗುಂಡಿ ಇದೆಯೋ ಗೊತ್ತಾಗಲ್ಲ, ಗಾಳಿಯಲ್ಲಿ ಆಮ್ಲಜನಕ ಇರುತ್ತೆ ಅನ್ನುವ ಖಾತ್ರಿ ಇಲ್ಲ. ಮೊಬೈಲ್ ಟಾರ್ಚ್ ಹಿಡಿದು ನುಗ್ಗುವ ಸಾಹಸ ಬೇಡ. ಒಂದು ಹಳೇ ಗಣಿಗೆ ಪ್ರತಾಪ್ ಖಾನ್ ಅಂತ ಹೆಸರು, ಯಾರೋ ಖಾನ್ ಸಾಹೇಬರು ಅಂದುಕೊಂಡಿದ್ದೆ. ಖಾನ್ ಅಂದರೆ ಅಲ್ಲಿ ಗಣಿ. ಮಹಾರಾಣಾ ಪ್ರತಾಪ ಅಕ್ಬರನ ಕಾಲದಲ್ಲಿ ಇಲ್ಲೇ ಅಡಗಿದ್ದ ಅಂತ ಊರವರು ಹೇಳುತ್ತಾರೆ.

ಜಾವರ್ ಮಾತಾ ಗುಡಿ, ರಾಣಾ ಕುಂಭನ ಮಗಳು ರಮಾಬಾಯಿ ಕಟ್ಟಿಸಿದ ವಿಷ್ಣು ದೇವಸ್ಥಾನ, ಪಕ್ಕದ ಕುಂಡ, ಪಾಳುಬಿದ್ದ ಜೈನ ಬಸದಿಗಳು, ಇವಿಷ್ಟನ್ನೂ ನೋಡಿ. ಗಣಿಯಲ್ಲಿ ಎಷ್ಟು ದುಡ್ಡು ಹುಟ್ಟುತ್ತಿತ್ತು ಅಂತ ಕಲ್ಲಿನ ಕೆತ್ತನೆ ನೋಡಿದರೆ ತಿಳಿಯುತ್ತೆ. ಫುಟ್‌ಬಾಲ್ ಪಂದ್ಯಾವಳಿ ಸಮಯ ಆದರೆ ಇನ್ನೂ ಒಳ್ಳೆಯದು. ಕೇಂದ್ರದಲ್ಲಿ ಉಕ್ಕು, ಗಣಿ ಮಂತ್ರಿಯಾಗಿದ್ದ ಮೋಹನ್ ಕುಮಾರಮಂಗಲಂ ಹೆಸರಿನಲ್ಲಿ ದಶಕಗಳಿಂದ ನಡೆಯುತ್ತಿದೆ, ಸುತ್ತಲ ಹಳ್ಳಿಗಳೆಲ್ಲ ಬಂದು ಕೂರುತ್ತವೆ.

ಪ್ರಶ್ನೆ: ನಿಜ ಹೇಳಿ ಸರ್, ಒಂದು ಮೂಸೆ ಜೇಬಿಗಿಳಿಸಿಕೊಂಡು ಬಂದ್ರಾ ಇಲ್ವಾ? (ಹಳೇ ನಾಣ್ಯ ಕೂಡಿಡುವವರು)

ಉತ್ತರ: ಇಲ್ಲ. ಆಸೆ ಆಗಲಿಲ್ಲ ಅಂದರೆ ಸುಳ್ಳಾಗುತ್ತೆ. ಒಂದು ಮನೆ ಮುಂದೆ ನಿಂತು ಗೋಡೆಯನ್ನೇ ನೋಡುತ್ತಿದ್ದೆ. ಒಳಗಿಂದ ಒಬ್ಬ ಅಜ್ಜಿ ಬಂದರು. ಏನು ಹುಡುಕ್ತಿದ್ದೀಯಾ ಅಂತ ಮೇವಾಡಿಯಲ್ಲಿ ಕೇಳಿದರು, ಡ್ರೈವರ್ ಹಿಂದಿಗೆ ತಿರುಗಿಸಿ ಹೇಳಿದ. ಕೈ ಮಾಡಿ ತೋರಿಸಿದೆ. ಅಜ್ಜಿ ನಕ್ಕು, ಗೋಡೆಯ ಮೇಲ್ಸಾಲಿನಿಂದ ಒಂದು ಮೂಸೆ ಸಲೀಸಾಗಿ ಎಳೆದು ನನ್ನ ಕೈಗೆ ಕೊಟ್ಟರು. ಕೆಸರು ಮೆತ್ತಿರಲಿಲ್ಲ, ಆಗಾಗ ತೆಗೆದು ಇಡುವ ಜಾಗ ಅದು ಅಂತ ಕಾಣುತ್ತೆ. ತಿರುಗಿಸಿ ನೋಡಿದರೆ ಒಳಗೆ ಬೂದಿ ಇರಲಿಲ್ಲ, ಯಾವತ್ತೋ ಕೆರೆದು ಖಾಲಿ ಮಾಡಿದ್ದರು. ಮಡಚಿದ ಹತ್ತು ರೂಪಾಯಿ ನೋಟು, ಒಂದು ಬೀಗದ ಕೈ. ಅಜ್ಜಿಗೂ ಆಗಲೇ ನೆನಪಾಗಿದ್ದು. ನನ್ನ ಕೈಯಿಂದ ಕಿತ್ತುಕೊಂಡು ವಾಪಸ್ ಸಿಗಿಸಿದರು, ಬಾಯಿ ಒಳಗಡೆಗೆ ಮಾಡಿ.